ಸಿಯಾಟಲ್‌ನಿಂದ ಫೇರ್‌ಬ್ಯಾಂಕ್ಸ್‌ಗೆ: ಎಂಟು ದಿನದ ದಾರಿ, ಲೀಟರು ಗ್ಯಾಲನ್ನುಗಳ ಲೆಕ್ಕ

ಕೆಲಸ ಸಿಕ್ಕಿರುವುದು ಅಲಾಸ್ಕದ ಫೇರ್‌ಬ್ಯಾಂಕ್ಸ್‌ನಲ್ಲಿ, ಕಾರು ನಿಂತಿರುವುದು ಸಿಯಾಟಲ್‌ನಲ್ಲಿ. ನಡುವೆ ಸುಮಾರು 3,700 ಕಿ.ಮೀ. ರಸ್ತೆ. ಅದರಲ್ಲಿ 3,000 ಕಿ.ಮೀ.ಗೂ ಮಿಕ್ಕಿದ್ದು ಕೆನಡಾದೊಳಗೆ. ಅಮೆರಿಕದಿಂದ ಹೊರಟು ಅಮೆರಿಕಕ್ಕೇ ಸೇರುವ ಈ ದಾರಿಯಲ್ಲಿ ಎರಡು ಸಲ ಗಡಿ ದಾಟಬೇಕು. ಮೊದಲು ಗ್ಯಾಲನ್ನಿಗೆ ಇಷ್ಟು ಅಮೆರಿಕನ್ ಡಾಲರ್ ಅನ್ನುತ್ತಿದ್ದ ಪೆಟ್ರೋಲಿನ ಬೋರ್ಡು ಗಡಿಯಾಚೆ ಲೀಟರಿಗೆ ಇಷ್ಟು ಕೆನಡಾ ಸೆಂಟ್ ಅನ್ನುತ್ತದೆ, ಏಳನೇ ದಿನ ಮತ್ತೆ ಗ್ಯಾಲನ್ನಿಗೆ ಮರಳುತ್ತದೆ. ಎಲ್ಲಿ ಅಗ್ಗ, ಎಲ್ಲಿ ತುಟ್ಟಿ ಅನ್ನುವುದನ್ನು ಬೋರ್ಡು ನೋಡಿದ ಕೂಡಲೇ ಹೇಳುವುದಕ್ಕೆ ಆಗುವುದಿಲ್ಲ. ಎಲ್ಲಿ ಎಷ್ಟು ಲೀಟರ್ ಹಾಕಿಸಬೇಕು ಅನ್ನುವುದಂತೂ ಅಗ್ಗ ತುಟ್ಟಿಯ ಮೇಲೆ ಮಾತ್ರ ನಿಂತಿಲ್ಲ.

ಇಲ್ಲಿನ ತೆರಿಗೆ ದರಗಳು 2025ರ ಆಗಸ್ಟ್‌ನವು. ಗಾಡಿ 50 ಲೀಟರ್ ಟ್ಯಾಂಕಿನ ಪೆಟ್ರೋಲ್ ಕಾರು. ಸಾಮಾನು ತುಂಬಿದಾಗ ಒಳ್ಳೆಯ ರಸ್ತೆಯಲ್ಲಿ 100 ಕಿ.ಮೀ.ಗೆ 9.5 ಲೀಟರ್, ಘಾಟಿಯಲ್ಲಿ 10.5 ಲೀಟರ್ ಕುಡಿಯುತ್ತದೆ ಅಂತ ಇಟ್ಟುಕೊಂಡಿದ್ದೇವೆ. ಉದಾಹರಣೆಗೆ ಕೊಟ್ಟಿರುವ ಬಂಕ್ ದರಗಳು ಲೆಕ್ಕ ತೋರಿಸುವುದಕ್ಕಷ್ಟೇ. ಹೊರಡುವ ದಿನದ ದರವನ್ನು ಆ ಜಾಗದಲ್ಲಿ ಕೂರಿಸಿಕೊಳ್ಳಿ.

ಹೊರಡುವ ಹಿಂದಿನ ಸಂಜೆ

ಮೊದಲು ಒಂದು ಗುಣಕ ಬೇಕು. ಅಮೆರಿಕದ ಗ್ಯಾಲನ್ ಅಂದರೆ 3.785 ಲೀಟರ್. ಕೆನಡಾ ಡಾಲರಿಗೆ 0.73 ಅಮೆರಿಕನ್ ಡಾಲರ್ ಇದ್ದರೆ 3.785ನ್ನು 0.73ರಿಂದ ಗುಣಿಸಿ 2.76 ಬರುತ್ತದೆ. ಕೆನಡಾದ ಲೀಟರ್ ದರವನ್ನು ಇದರಿಂದ ಗುಣಿಸಿದರೆ ಅಮೆರಿಕದ ಗ್ಯಾಲನ್ ದರ ಸಿಕ್ಕಿತು. ಲೀಟರಿಗೆ 1.50 ಇದ್ದರೆ ಗ್ಯಾಲನ್ನಿಗೆ 4.14 ಡಾಲರ್. ಬಾಯಿಲೆಕ್ಕಕ್ಕೆ ಎರಡೂ ಮುಕ್ಕಾಲು ಸಾಕು. ವಿನಿಮಯ ದರ ಬದಲಾದರೆ ಗುಣಕವೂ ಬದಲಾಗುತ್ತದೆ, ಆದ್ದರಿಂದ ಆ ದಿನದ ದರದಲ್ಲಿ ಒಮ್ಮೆ ಮಾಡಿ ಡ್ಯಾಶ್‌ಬೋರ್ಡಿಗೆ ಚೀಟಿ ಅಂಟಿಸಿಕೊಳ್ಳುವುದು ಒಳ್ಳೆಯದು.

ಮೈಲೇಜಿಗೂ ಇಂಥದೇ ಒಂದು ಸಂಖ್ಯೆ ಇದೆ: 235. ಗ್ಯಾಲನ್ನಿಗೆ ಎಷ್ಟು ಮೈಲಿ ಅನ್ನುವುದರಿಂದ 235ನ್ನು ಭಾಗಿಸಿದರೆ 100 ಕಿ.ಮೀ.ಗೆ ಎಷ್ಟು ಲೀಟರ್ ಅಂತ ತಿಳಿಯುತ್ತದೆ. ಗ್ಯಾಲನ್ನಿಗೆ 28 ಮೈಲಿ ಕೊಡುವ ಕಾರು 100 ಕಿ.ಮೀ.ಗೆ 8.4 ಲೀಟರ್ ತಿನ್ನುತ್ತದೆ. ಕೆನಡಾದಲ್ಲಿ ಹಳಬರು ಯಾರಾದರೂ ಗ್ಯಾಲನ್ ಲೆಕ್ಕದಲ್ಲಿ ಮಾತಾಡಿದರೆ ಅದು ಇಂಪೀರಿಯಲ್ ಗ್ಯಾಲನ್ ಇರಬಹುದು, 4.546 ಲೀಟರಿನದು. ಅವರ 30 ಮೈಲಿ ನಮ್ಮ ಲೆಕ್ಕದಲ್ಲಿ 25 ಮೈಲಿ. ಇದನ್ನು ಮರೆತು ಇನ್ನೊಬ್ಬರ ಮೈಲೇಜ್ ನಂಬಿದರೆ ಟ್ಯಾಂಕಿನ ಅಂದಾಜು ಆರರಲ್ಲಿ ಒಂದು ಪಾಲು ತಪ್ಪುತ್ತದೆ.

ಸಾಮಾನು ಕಟ್ಟುವಾಗಲೇ ದೊಡ್ಡ ಉಳಿತಾಯ ಆಗಬೇಕು. ಮನೆ ಬದಲಿಸುವವರು ಛಾವಣಿಯ ಮೇಲೆ ಪೆಟ್ಟಿಗೆ ಕಟ್ಟುವುದು ಸಾಮಾನ್ಯ. ಅಮೆರಿಕದ ಇಂಧನ ಇಲಾಖೆ ಪ್ರಕಟಿಸಿರುವ ಅಳತೆಯಂತೆ ಗಂಟೆಗೆ 65ರಿಂದ 75 ಮೈಲಿ ವೇಗದಲ್ಲಿ ಅಂಥ ಪೆಟ್ಟಿಗೆ ಮೈಲೇಜನ್ನು ಶೇ. 10ರಿಂದ 25ರವರೆಗೆ ಇಳಿಸುತ್ತದೆ. ಅದೇ ಸಾಮಾನನ್ನು ಕಾರಿನ ಹಿಂದೆ ಕೊಕ್ಕೆಗೆ ಸಿಕ್ಕಿಸುವ ತಟ್ಟೆಯಲ್ಲಿಟ್ಟರೆ ಹೆದ್ದಾರಿಯಲ್ಲಿ ನಷ್ಟ ಶೇ. 1ರಿಂದ 5. ಇಡೀ ದಾರಿಗೆ ಬೇಕಾದ ಸುಮಾರು 350 ಲೀಟರಿನಲ್ಲಿ ಶೇ. 15 ಅಂದರೆ 52 ಲೀಟರ್, ಒಂದು ಪೂರ್ತಿ ಟ್ಯಾಂಕ್. ಯಾವ ಊರಿನ ಯಾವ ಅಗ್ಗದ ಬಂಕೂ ಇಷ್ಟನ್ನು ಉಳಿಸಿಕೊಡಲಾರದು.

ಕಾರ್ಡನ್ನೂ ಆ ಸಂಜೆಯೇ ನೋಡಿಕೊಳ್ಳಿ. ಅಮೆರಿಕದ ಕೆಲವು ಕ್ರೆಡಿಟ್ ಕಾರ್ಡುಗಳು ಹೊರದೇಶದ ವಹಿವಾಟಿಗೆ ಶೇ. 3ರಷ್ಟು ಶುಲ್ಕ ಹಾಕುತ್ತವೆ, ಕೆಲವು ಏನೂ ಹಾಕುವುದಿಲ್ಲ. ಲೀಟರಿಗೆ 1.55 ಇರುವಲ್ಲಿ ಶೇ. 3 ಅಂದರೆ ನಾಲ್ಕೂವರೆ ಸೆಂಟ್. ಎರಡು ಬಂಕುಗಳ ನಡುವಿನ ವ್ಯತ್ಯಾಸ ಎಷ್ಟೋ ಸಲ ಅಷ್ಟೂ ಇರುವುದಿಲ್ಲ.

ಇಂಧನದ್ದಲ್ಲದ ಒಂದು ಮಾತು ಹೇಳಲೇಬೇಕು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಕೆನಡಾ ಮೂಲಕ ಹಾದುಹೋಗುವುದಕ್ಕೂ ಕೆನಡಾ ವಿಸಾ ಬೇಕು. ಅಮೆರಿಕದ ಗ್ರೀನ್ ಕಾರ್ಡ್ ಇದ್ದವರಿಗೆ ವಿನಾಯಿತಿ ಇದೆ. ಏಳನೇ ದಿನ ಅಮೆರಿಕಕ್ಕೆ ಮರಳಿ ಒಳಬರುವ ಕಾಗದಗಳೂ, ಹೊಸ ಕೆಲಸದ ಪತ್ರವೂ ಕೈಗೆ ಸಿಗುವಂತಿರಲಿ.

ಮೊದಲ ದಿನ: ಸಿಯಾಟಲ್ – ಅಬಟ್ಸ್‌ಫರ್ಡ್ – ಕ್ಯಾಶ್ ಕ್ರೀಕ್, ಸುಮಾರು 460 ಕಿ.ಮೀ.

ಐ-5 ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ವಾಷಿಂಗ್ಟನ್ ರಾಜ್ಯದ ಬೋರ್ಡುಗಳನ್ನು ಓದುವುದೇ ಮೊದಲ ಪಾಠ. 4.39 ಅಂತ ದೊಡ್ಡದಾಗಿ ಕಂಡರೆ ಪಕ್ಕದಲ್ಲಿ ಸಣ್ಣ 9 ಇರುತ್ತದೆ, ಅಂದರೆ 4.399. ಅನೇಕ ಕಡೆ ದೊಡ್ಡ ಅಕ್ಷರದ್ದು ನಗದು ಕೊಟ್ಟವರಿಗೆ ಮಾತ್ರ, ಕಾರ್ಡಿಗೆ ಬೇರೆ ದರ. ಹೋಲಿಸುವುದಾದರೆ ಕಾರ್ಡಿನ ದರವನ್ನೇ ಹೋಲಿಸಿ, ಕೆನಡಾದಲ್ಲಿ ಕೊಡುವುದೂ ಕಾರ್ಡನ್ನೇ ತಾನೆ. ದಾರಿಯಲ್ಲಿ ಮೇರಿಸ್‌ವಿಲ್ ಬಳಿ ತುಲೇಲಿಪ್ ಮೂಲನಿವಾಸಿಗಳ ಪ್ರದೇಶ ಸಿಗುತ್ತದೆ. ಮೂಲನಿವಾಸಿ ಬುಡಕಟ್ಟುಗಳಿಗೂ ರಾಜ್ಯಕ್ಕೂ ಇಂಧನ ತೆರಿಗೆಯ ಒಪ್ಪಂದಗಳಿದ್ದು, ತೆರಿಗೆಯ ದೊಡ್ಡ ಪಾಲು ಬುಡಕಟ್ಟಿಗೆ ಮರಳುತ್ತದೆ. ಹಾಗಾಗಿ ಅಂಥ ಬಂಕುಗಳಲ್ಲಿ ಗ್ಯಾಲನ್ನಿಗೆ ಕೆಲವು ಸೆಂಟ್ ಕಡಿಮೆ ಇರುವುದುಂಟು. ಹೆದ್ದಾರಿಯ ಪಕ್ಕದಲ್ಲೇ ಇರುವುದರಿಂದ ಸುತ್ತು ಹೊಡೆಯಬೇಕಿಲ್ಲ.

ಗಡಿಯನ್ನು ಎಲ್ಲಿ ದಾಟುವುದು? ಬ್ಲೇನ್ ಮೂಲಕ ಹೋದರೆ ನೇರ ಮೆಟ್ರೊ ವ್ಯಾಂಕೂವರ್ ಸೀಮೆಯೊಳಗೆ ಕಾಲಿಟ್ಟಂತೆ. ಅಲ್ಲಿ ಸಾರಿಗೆ ಪ್ರಾಧಿಕಾರಕ್ಕೆ ಹೋಗುವ ಲೀಟರಿಗೆ 18.5 ಸೆಂಟ್ ಸೇರಿ ಪ್ರಾಂತ್ಯ ಮಟ್ಟದ ಇಂಧನ ತೆರಿಗೆ 27 ಸೆಂಟ್. ಸೀಮೆಯ ಹೊರಗೆ ಅದೇ ತೆರಿಗೆ 14.5 ಸೆಂಟ್. ಸೂಮಸ್ ಮೂಲಕ ದಾಟಿದರೆ ಅಬಟ್ಸ್‌ಫರ್ಡ್‌ಗೆ ಇಳಿಯುತ್ತೀರಿ, ಅದು ಸೀಮೆಯ ಹೊರಗಿನ ಊರು. ಲೀಟರಿಗೆ 12.5 ಸೆಂಟ್ ವ್ಯತ್ಯಾಸ, 40 ಲೀಟರಿಗೆ 5 ಡಾಲರ್. ಉತ್ತರಕ್ಕೆ ಹೋಗುವವರಿಗೆ ದಾರಿಯೂ ನೇರ, ವ್ಯಾಂಕೂವರಿನ ಟ್ರಾಫಿಕ್ಕೂ ತಪ್ಪುತ್ತದೆ. ಈ ಪ್ರಯಾಣದಲ್ಲಿ ಒಂದು ರೂಪಾಯಿ ಕಷ್ಟವಿಲ್ಲದೆ ಸಿಗುವ ಉಳಿತಾಯ ಇದೊಂದೇ.

ಸೂಮಸ್‌ನಲ್ಲಿ ಕೊನೆಯ ಅಮೆರಿಕನ್ ಬಂಕು ಕಂಡಾಗ ಟ್ಯಾಂಕ್ ತುಂಬಿಸಬೇಕೋ ಬೇಡವೋ? ಗಡಿಯಾಚೆ ಪೆಟ್ರೋಲ್ ಯಾವಾಗಲೂ ತುಟ್ಟಿ ಅನ್ನುವ ಮಾತು ಹಳೆಯದು. 2025ರ ಏಪ್ರಿಲ್ 1ರಂದು ಗಡಿಯಾಚೆಯ ಕೆನಡಾ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾ ಲೀಟರಿಗೆ ಹದಿನೇಳೂವರೆ ಸೆಂಟಿನಷ್ಟಿದ್ದ ಕಾರ್ಬನ್ ತೆರಿಗೆಯನ್ನು ತೆಗೆಯಿತು. ಅತ್ತ ವಾಷಿಂಗ್ಟನ್ ರಾಜ್ಯ ಜುಲೈ 1ರಂದು ತನ್ನ ಪೆಟ್ರೋಲ್ ತೆರಿಗೆಯನ್ನು ಗ್ಯಾಲನ್ನಿಗೆ 49.4 ಸೆಂಟಿನಿಂದ 55.4ಕ್ಕೆ ಏರಿಸಿತು. ಮೂರು ತಿಂಗಳಲ್ಲಿ ಎರಡೂ ಕಡೆಯಿಂದ ಅಂತರ ಕಿರಿದಾಯಿತು. ಈಗ ಕೇಳಬೇಕಾದದ್ದು ಒಂದೇ: ಇಲ್ಲಿನ ದರವನ್ನು 2.76ರಿಂದ ಭಾಗಿಸಿದರೆ ಎಷ್ಟು? ಇಲ್ಲಿ 4.40 ಇದ್ದರೆ ಉತ್ತರ 1.59. ಅಬಟ್ಸ್‌ಫರ್ಡ್‌ನ ಬೋರ್ಡು 159ಕ್ಕಿಂತ ಕೆಳಗಿದ್ದರೆ ದಾಟಿ ಹಾಕಿಸಿ, ಮೇಲಿದ್ದರೆ ಇಲ್ಲೇ ತುಂಬಿಸಿ. ಕಾರ್ಡಿಗೆ ಶೇ. 3 ಶುಲ್ಕ ಇದ್ದವರ ಗಡಿರೇಖೆ 154. ಬಂಕ್ ದರ ತೋರಿಸುವ ಗ್ಯಾಸ್‌ಬಡ್ಡಿ ಆ್ಯಪ್ ಎರಡೂ ದೇಶದಲ್ಲಿ ನಡೆಯುತ್ತದೆ. ಆದರೆ ದರದ ಪಕ್ಕದಲ್ಲಿ ಎಷ್ಟು ಹೊತ್ತಿನ ಹಿಂದಿನದು ಅಂತ ಬರೆದಿರುವುದನ್ನು ನೋಡದೆ ನಂಬಬೇಡಿ.

ಹೆಚ್ಚುವರಿ ಪೆಟ್ರೋಲ್ ಕ್ಯಾನ್ ಇದ್ದರೆ ಖಾಲಿಯಾಗಿಯೇ ಗಡಿ ದಾಟಲಿ. ಅದು ಬೇಕಾಗುವುದು ಐದನೇ ದಿನ. ಅಷ್ಟು ದೂರ ವಾಸನೆಯನ್ನೂ ಅಪಾಯವನ್ನೂ ಹೊತ್ತುಕೊಂಡು ಹೋಗುವುದರಲ್ಲಿ ಅರ್ಥವಿಲ್ಲ.

ಕೆನಡಾದ ಬೋರ್ಡಿನಲ್ಲಿ 154.9 ಅಂತಿದ್ದರೆ ಅದು ಸೆಂಟ್, ಅಂದರೆ 1.549 ಡಾಲರ್. ಶೇ. 5ರ ಜಿಎಸ್‌ಟಿ ಸೇರಿ ಎಲ್ಲ ತೆರಿಗೆಯೂ ಅದರೊಳಗೇ ಇದೆ. ಬ್ರಿಟಿಷ್ ಕೊಲಂಬಿಯಾದಲ್ಲಿ 2008ರಿಂದ ಮೊದಲು ಹಣ, ಆಮೇಲೆ ಪೆಟ್ರೋಲ್ ಅನ್ನುವ ನಿಯಮ. ಯಂತ್ರ ಪಿನ್ ಕೇಳುತ್ತದೆ. ಅಮೆರಿಕದ ಎಷ್ಟೋ ಕ್ರೆಡಿಟ್ ಕಾರ್ಡುಗಳಿಗೆ ಪಿನ್ನೇ ಇರುವುದಿಲ್ಲ. ಯಂತ್ರ ಒಪ್ಪದಿದ್ದರೆ ಒಳಗೆ ಹೋಗಿ ಪಂಪಿನ ಸಂಖ್ಯೆ ಹೇಳಿ ಮುಂಗಡ ಕೊಡಿ. ಪಂಪು ಶುರುವಾಗುವ ಮೊದಲು 100, 150, ಕೆಲವೊಮ್ಮೆ 200 ಡಾಲರನ್ನು ಖಾತೆಯಲ್ಲಿ ಹಿಡಿದಿಡುತ್ತದೆ. ಡೆಬಿಟ್ ಕಾರ್ಡಾದರೆ ಆ ಹಣ ದಿನಗಟ್ಟಲೆ ಸಿಕ್ಕಿಹಾಕಿಕೊಳ್ಳಬಹುದು. ಹೊಸ ಕೆಲಸದ ಮೊದಲ ಸಂಬಳ ಇನ್ನೂ ಬಾರದ ಹೊತ್ತಿನಲ್ಲಿ ಇದು ಸಣ್ಣ ವಿಷಯವಲ್ಲ, ಕ್ರೆಡಿಟ್ ಕಾರ್ಡೇ ಬಳಸಿ. ಅಮೆರಿಕನ್ ಡಾಲರಿನಲ್ಲೇ ಬಿಲ್ ಮಾಡಲೇ ಅಂತ ಯಂತ್ರ ಕೇಳಿದರೆ ಬೇಡ ಅನ್ನಿ. ಆ ಅನುಕೂಲದ ಬೆಲೆ ವಿನಿಮಯ ದರದಲ್ಲಿ ಅಡಗಿರುತ್ತದೆ.

ಹೋಪ್ ದಾಟಿದ ಮೇಲೆ ಫ್ರೇಸರ್ ನದಿಯ ಕಮರಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಆಳದಲ್ಲಿ ಮಣ್ಣುಬಣ್ಣದ ನೀರು, ಎರಡೂ ದಡದಲ್ಲಿ ರೈಲು ಹಳಿ. ಕಮರಿಯ ಸಣ್ಣ ಊರುಗಳಲ್ಲಿ ಪೈಪೋಟಿ ಇಲ್ಲ, ದರವೂ ಅದಕ್ಕೆ ತಕ್ಕಂತೆ. ಅಬಟ್ಸ್‌ಫರ್ಡ್‌ನಲ್ಲೇ ಸಾಕಷ್ಟು ಹಾಕಿಸಿಕೊಂಡಿದ್ದರೆ ಮುಂದಿನ 270 ಕಿ.ಮೀ. ನಿಶ್ಚಿಂತೆ. ಸಂಜೆಗೆ ಕಾಡು ಮುಗಿದು, ಒಣ ಗುಡ್ಡಗಳ ಕ್ಯಾಶ್ ಕ್ರೀಕ್.

ಎರಡನೇ ದಿನ: ಕ್ಯಾಶ್ ಕ್ರೀಕ್ – ಪ್ರಿನ್ಸ್ ಜಾರ್ಜ್, ಸುಮಾರು 440 ಕಿ.ಮೀ.

97ನೇ ಹೆದ್ದಾರಿ, ಕ್ಯಾರಿಬೂ ಪ್ರಸ್ಥಭೂಮಿ. ವಿಲಿಯಮ್ಸ್ ಲೇಕ್, ಕ್ವೆನೆಲ್ ಎರಡೂ ಸಾಕಷ್ಟು ದೊಡ್ಡ ಊರುಗಳು, ಬಂಕುಗಳಿಗೆ ಬರವಿಲ್ಲ. ಅಡ್ಡದಾರಿ ಹಿಡಿದು ಅಗ್ಗದ ಬಂಕ್ ಹುಡುಕುವ ಆಸೆ ಹುಟ್ಟುವುದು ಇಂಥ ದಿನವೇ. ಲೀಟರಿಗೆ 6 ಸೆಂಟ್ ಕಡಿಮೆ, 40 ಲೀಟರಿಗೆ 2.40 ಡಾಲರ್ ಉಳಿತಾಯ. ಹೋಗಿ ಬರುವುದಕ್ಕೆ 20 ಕಿ.ಮೀ. ಆದರೆ 1.9 ಲೀಟರ್, 1.55ರಂತೆ 2.95 ಡಾಲರ್ ಖರ್ಚು. ಹೆದ್ದಾರಿಯಿಂದ ಎರಡು ಮೂರು ಕಿ.ಮೀ. ಒಳಗಿದ್ದರೆ ಮಾತ್ರ ಲಾಭ.

ರಾತ್ರಿ ಪ್ರಿನ್ಸ್ ಜಾರ್ಜ್. ಬ್ರಿಟಿಷ್ ಕೊಲಂಬಿಯಾದ ಎರಡು ತೈಲ ಸಂಸ್ಕರಣಾಗಾರಗಳಲ್ಲಿ ಒಂದು ಇರುವುದು ಇಲ್ಲೇ, ಇನ್ನೊಂದು ವ್ಯಾಂಕೂವರ್ ಪಕ್ಕದ ಬರ್ನಬಿಯಲ್ಲಿ. ಇಲ್ಲಿ ಟ್ಯಾಂಕ್ ಫುಲ್.

ಮೂರನೇ ದಿನ: ಪ್ರಿನ್ಸ್ ಜಾರ್ಜ್ – ಡಾಸನ್ ಕ್ರೀಕ್ – ಫೋರ್ಟ್ ಸೇಂಟ್ ಜಾನ್, ಸುಮಾರು 480 ಕಿ.ಮೀ.

ಚೆಟ್‌ವಿಂಡ್‌ವರೆಗಿನ 300 ಕಿ.ಮೀ.ಯಲ್ಲಿ ಬಂಕುಗಳು ವಿರಳ, ಪೈನ್ ಪಾಸ್ ಘಾಟಿಯ ಆಸುಪಾಸಿನಲ್ಲಂತೂ ನೆಚ್ಚುವಂತೆಯೇ ಇಲ್ಲ. ಅರ್ಧ ಟ್ಯಾಂಕಿನಲ್ಲಿ ಹೊರಟವರಿಗೆ ಈ ದಾರಿ ಮೊದಲ ಎಚ್ಚರಿಕೆ ಕೊಡುತ್ತದೆ. ಮೊಬೈಲ್ ಸಿಗ್ನಲ್ಲೂ ಊರು ಬಿಟ್ಟ ಮೇಲೆ ಹೋಗುತ್ತದೆ, ಅಂದರೆ ಆ್ಯಪ್ ಕೆಲಸ ಮಾಡುವುದು ಬೆಳಿಗ್ಗೆ ಊರಲ್ಲಿರುವಾಗ ಮಾತ್ರ. ಮುಂದಿನ ಎರಡು ಊರಿನ ದರವನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ.

ಡಾಸನ್ ಕ್ರೀಕ್‌ನಲ್ಲಿ ಅಲಾಸ್ಕ ಹೆದ್ದಾರಿಯ ಸೊನ್ನೆ ಮೈಲಿಗಲ್ಲು. 1942ರಲ್ಲಿ ಯುದ್ಧದ ತುರ್ತಿಗೆ ಅಮೆರಿಕದ ಸೈನ್ಯ ಕಡಿದ ರಸ್ತೆ ಇದು. ಇಲ್ಲಿಂದ ಡೆಲ್ಟಾ ಜಂಕ್ಷನ್‌ವರೆಗೆ 2,200 ಕಿ.ಮೀ.ಗೂ ಹೆಚ್ಚು. ದಾರಿಯುದ್ದಕ್ಕೂ ತಂಗುದಾಣಗಳಿಗೆ ಹಳೆಯ ಮೈಲಿ ಸಂಖ್ಯೆಯೇ ವಿಳಾಸ. ರಸ್ತೆಯ ತಿರುವುಗಳನ್ನು ನೇರ ಮಾಡುತ್ತಾ ಬಂದದ್ದರಿಂದ ಆ ಸಂಖ್ಯೆಗೂ ನಿಜದೂರಕ್ಕೂ ಈಗ ಹೊಂದುವುದಿಲ್ಲ. ಫೋರ್ಟ್ ನೆಲ್ಸನ್ ಹಳೆಯ ಲೆಕ್ಕದಲ್ಲಿ 300ನೇ ಮೈಲಿ, ಅಂದರೆ 483 ಕಿ.ಮೀ. ಇವತ್ತು ಓಡಿಸಿದರೆ ಸುಮಾರು 455. ಇಂಧನದ ಲೆಕ್ಕಕ್ಕೆ ಕಿಲೋಮೀಟರ್ ಕಲ್ಲನ್ನೇ ನಂಬಿ.

ನಾಲ್ಕನೇ ದಿನ: ಫೋರ್ಟ್ ಸೇಂಟ್ ಜಾನ್ – ಫೋರ್ಟ್ ನೆಲ್ಸನ್, ಸುಮಾರು 380 ಕಿ.ಮೀ.

ಕಾಡು, ಲಾರಿಗಳು, ಅನಿಲ ಬಾವಿಗಳಿಗೆ ಹೋಗುವ ಕವಲುದಾರಿಗಳು. ಹೆದ್ದಾರಿಯ ಬಂಕುಗಳಲ್ಲಿ ಲಾರಿಗಳ ಡೀಸೆಲ್ ಪಂಪು, ಕಾರುಗಳ ಪೆಟ್ರೋಲ್ ಪಂಪು ಅಕ್ಕಪಕ್ಕ. ನಾಝಲಿನ ಬಣ್ಣ ನೋಡಿ ಕೈ ಹಾಕಬೇಡಿ, ಒಂದೊಂದು ಕಂಪನಿ ಒಂದೊಂದು ಬಣ್ಣ ಇಟ್ಟಿರುತ್ತದೆ. ಪಂಪಿನ ಮೇಲಿನ ಅಕ್ಷರ ಓದಿ. ಡೀಸೆಲ್ ನಾಝಲ್ ದಪ್ಪ, ಪೆಟ್ರೋಲ್ ಕಾರಿನ ಬಾಯಿಗೆ ಸಾಮಾನ್ಯವಾಗಿ ತೂರುವುದಿಲ್ಲ. ಪೆಟ್ರೋಲ್ ನಾಝಲ್ ಮಾತ್ರ ಡೀಸೆಲ್ ಗಾಡಿಯೊಳಗೆ ಸಲೀಸಾಗಿ ಹೋಗುತ್ತದೆ. ಆದ್ದರಿಂದ ಎಡವಟ್ಟು ಆಗುವುದು ಹೆಚ್ಚಾಗಿ ಡೀಸೆಲ್ ಗಾಡಿಯವರಿಗೆ. ಬಣ್ಣ ಹಾಕಿದ ಅಗ್ಗದ ಡೀಸೆಲ್ ಎಲ್ಲಾದರೂ ಕಂಡರೆ ಅದು ಕೃಷಿ, ಕೈಗಾರಿಕೆಯ ಯಂತ್ರಗಳಿಗೆ ಅಂತ ರಸ್ತೆ ತೆರಿಗೆ ಬಿಟ್ಟು ಮಾರುವಂಥದ್ದು. ರಸ್ತೆಯ ಗಾಡಿಗೆ ಹಾಕಿಸಿ ಸಿಕ್ಕಿಬಿದ್ದರೆ ದಂಡ.

ಪೆಟ್ರೋಲಿನ ಆಕ್ಟೇನ್ ಸಂಖ್ಯೆ ಮಾತ್ರ ತಲೆನೋವು ಕೊಡುವುದಿಲ್ಲ. ಎರಡೂ ದೇಶಗಳಲ್ಲಿ ಅಳೆಯುವ ರೀತಿ ಒಂದೇ. ಅಲ್ಲಿನ 87 ಇಲ್ಲಿನ 87.

ಫೋರ್ಟ್ ನೆಲ್ಸನ್‌ನಲ್ಲಿ ಟ್ಯಾಂಕ್ ಫುಲ್, ಕ್ಯಾನೂ ಈಗ ತುಂಬಲಿ. 10 ಲೀಟರಿನ ಕ್ಯಾನ್ ಸಾಕು, ಘಾಟಿಯಲ್ಲೂ 90 ಕಿ.ಮೀ. ಎಳೆಯುತ್ತದೆ. ಪೆಟ್ರೋಲಿಗೆಂದೇ ಮಾಡಿದ ಕ್ಯಾನ್ ಆಗಿರಲಿ. ಗಾಡಿಯಿಂದ ಇಳಿಸಿ ನೆಲದ ಮೇಲಿಟ್ಟು, ನಾಝಲ್ ಕ್ಯಾನಿನ ಬಾಯಿಗೆ ತಾಗುವಂತೆ ಹಿಡಿದು ತುಂಬಿಸಿ. ಡಿಕ್ಕಿಯ ಕಾರ್ಪೆಟ್ ಮೇಲಿಟ್ಟೇ ತುಂಬಿಸಿದರೆ ಸ್ಥಿರ ವಿದ್ಯುತ್ತಿನ ಒಂದು ಕಿಡಿ ಸಾಕು. ಒಂಬತ್ತೂವರೆ ಲೀಟರಿಗೆ ನಿಲ್ಲಿಸಿ, ಬಿಸಿಲಿಗೆ ಹಿಗ್ಗಲು ಜಾಗ ಬೇಕು.

ಐದನೇ ದಿನ: ಫೋರ್ಟ್ ನೆಲ್ಸನ್ – ವಾಟ್ಸನ್ ಲೇಕ್, ಸುಮಾರು 525 ಕಿ.ಮೀ.

ಇಡೀ ಪ್ರಯಾಣದ ಅತಿ ಸುಂದರ ದಿನವೂ ಇದೇ, ಇಂಧನದ ಲೆಕ್ಕ ಬಿಗಿಯಾಗುವ ದಿನವೂ ಇದೇ. ರಸ್ತೆ ರಾಕಿ ಪರ್ವತಗಳಿಗೆ ಏರುತ್ತದೆ. ಸಮಿಟ್ ಲೇಕ್ ಬಳಿ 1,295 ಮೀಟರ್, ಅಲಾಸ್ಕ ಹೆದ್ದಾರಿಯ ಅತಿ ಎತ್ತರದ ಜಾಗ. ಆಮೇಲೆ ಹಸಿರುನೀಲಿ ಮಂಚೊ ಸರೋವರ, ಲಿಯಾರ್ಡ್ ಬಿಸಿನೀರಿನ ಬುಗ್ಗೆಗಳು, ರಸ್ತೆ ಪಕ್ಕದಲ್ಲೇ ಮೇಯುವ ಕಾಡೆಮ್ಮೆಯಂಥ ಬೈಸನ್ ಹಿಂಡುಗಳು.

525 ಕಿ.ಮೀ.ಗೆ ಘಾಟಿಯ ಲೆಕ್ಕದಲ್ಲಿ 55 ಲೀಟರ್ ಬೇಕು. ಟ್ಯಾಂಕಿನಲ್ಲಿರುವುದು 50. ನಡುವೆ ಒಂದು ಕಡೆ ಹಾಕಿಸಲೇಬೇಕು, ಅದೂ ತುಟ್ಟಿಯ ಕಡೆ. ಟೋಡ್ ರಿವರ್, ಮಂಚೊ ಲೇಕ್, ಲಿಯಾರ್ಡ್ ಕಡೆಗಳ ತಂಗುದಾಣಗಳಲ್ಲಿ ಪೆಟ್ರೋಲ್ ದರ ಕಂಡು ದರೋಡೆ ಅಂತ ಬೈಯುವವರಿದ್ದಾರೆ. ಬೈಯುವ ಮೊದಲು ಆ ಪಂಪಿನ ಹಿಂದೆ ಏನಿದೆ ನೋಡಬೇಕು. ಆ ತಂಗುದಾಣಗಳಿಗೆ ವಿದ್ಯುತ್ ಜಾಲದ ತಂತಿ ಬಂದಿಲ್ಲ. ಪಂಪು ತಿರುಗಿಸುವುದಕ್ಕೂ ದೀಪ ಉರಿಸುವುದಕ್ಕೂ ಅವರೇ ಹಗಲು ರಾತ್ರಿ ಜನರೇಟರ್ ಓಡಿಸಬೇಕು. ಟ್ಯಾಂಕರ್ ನೂರಾರು ಕಿ.ಮೀ. ದೂರದಿಂದ ಬಂದು ಖಾಲಿ ಮರಳಬೇಕು. ಬೇಸಿಗೆಯ ನಾಲ್ಕೈದು ತಿಂಗಳ ವ್ಯಾಪಾರದಲ್ಲಿ ವರ್ಷದ ಖರ್ಚು ಹುಟ್ಟಬೇಕು. ಹೀಗಾಗದೆ ಬಾಗಿಲು ಹಾಕಿದ ತಂಗುದಾಣಗಳ ಪಾಳು ಪಂಪುಗಳು ದಾರಿಯಲ್ಲಿ ಅಲ್ಲಲ್ಲಿ ಕಾಣುತ್ತವೆ. ತೆರೆದಿರುವವರು ತೆರೆದಿರುವುದೇ ನಮ್ಮ ಭಾಗ್ಯ.

ಹಾಗಂತ ಅಲ್ಲಿ ಫುಲ್ ಮಾಡಿಸಬೇಕಿಲ್ಲ. ಸೂತ್ರ ಇಷ್ಟು: ಮುಂದಿನ ಅಗ್ಗದ ಊರಿಗೆ ಬೇಕಾದದ್ದು, ಜೊತೆಗೆ ತುರ್ತಿಗೆಂದು ಉಳಿಸಿಕೊಳ್ಳುವ 8ರಿಂದ 10 ಲೀಟರ್ ಕಾಪು, ಅದರಲ್ಲಿ ಟ್ಯಾಂಕಿನಲ್ಲಿರುವುದನ್ನು ಕಳೆ. ಇಲ್ಲಿ 55ಕ್ಕೆ 10 ಕೂಡಿ 50 ಕಳೆದರೆ 15 ಲೀಟರ್. ಲೀಟರಿಗೆ 40 ಸೆಂಟ್ ಹೆಚ್ಚಾದರೂ 6 ಡಾಲರ್ ಹೆಚ್ಚುವರಿ, ಅಷ್ಟೆ. ಇನ್ನೊಂದು ಕಡ್ಡಾಯದ ಮಾತು: ಆ 15 ಲೀಟರನ್ನು ತೆರೆದಿರುವ ಮೊದಲ ಕಡೆಯೇ ಹಾಕಿಸಿ. ಟೋಡ್ ರಿವರ್ ಫೋರ್ಟ್ ನೆಲ್ಸನ್‌ನಿಂದ ಸುಮಾರು 195 ಕಿ.ಮೀ. ಅಷ್ಟರಲ್ಲಿ 20 ಲೀಟರ್ ಖಾಲಿಯಾಗಿ ಟ್ಯಾಂಕಿನಲ್ಲಿ ಜಾಗ ಆಗಿರುತ್ತದೆ. ಮುಂದೆ ಎರಡು ಸೆಂಟ್ ಕಡಿಮೆ ಇರಬಹುದು ಅಂತ ಬಿಟ್ಟು ಹೋಗಿ, ಅಲ್ಲಿ ಟ್ಯಾಂಕರ್ ಬಂದಿಲ್ಲ, ಪಂಪು ಕೆಟ್ಟಿದೆ, ಮಾಲೀಕರು ಆರು ಗಂಟೆಗೇ ಬೀಗ ಹಾಕಿದ್ದಾರೆ ಅಂತಾದರೆ ಆ ಎರಡು ಸೆಂಟಿಗೆ ಒಂದು ರಾತ್ರಿ ತೆರಬೇಕಾಗುತ್ತದೆ. ಟ್ಯಾಂಕರ್ ಆಗಷ್ಟೇ ಇಳಿಸುತ್ತಿದ್ದರೆ ಮಾತ್ರ ಸ್ವಲ್ಪ ಹೊತ್ತು ಕಾಯಿರಿ. ನೆಲದಡಿಯ ಟ್ಯಾಂಕಿನ ತಳದ ಕಸವೂ ನೀರೂ ಆಗ ಮೇಲೆದ್ದಿರುತ್ತವೆ.

ಟೈರ್ ಗಾಳಿಯೂ ಇಲ್ಲಿ ಹಣವೇ. ಅದನ್ನು ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿ. ಉಷ್ಣತೆ ಐದಾರು ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು 1 ಪಿಎಸ್‌ಐ ಕಡಿಮೆಯಾಗುತ್ತದೆ, ಸಿಯಾಟಲ್‌ನಲ್ಲಿ ತುಂಬಿಸಿದ ಗಾಳಿ ಇಲ್ಲಿನ ಮುಂಜಾವಿಗೆ ಸಾಲದು.

ವಾಟ್ಸನ್ ಲೇಕ್ ತಲುಪಿದರೆ ಯೂಕಾನ್ ಸೀಮೆ. ಊರ ಬಾಗಿಲಲ್ಲೇ ಜಗತ್ತಿನ ಊರುಗಳ ಹೆಸರಿನ ಫಲಕಗಳ ಕಾಡು, 1942ರಲ್ಲಿ ಮನೆ ನೆನಪಾದ ಅಮೆರಿಕನ್ ಸೈನಿಕನೊಬ್ಬ ನೆಟ್ಟ ಒಂದು ಫಲಕದಿಂದ ಬೆಳೆದದ್ದು.

ಆರನೇ ದಿನ: ವಾಟ್ಸನ್ ಲೇಕ್ – ವೈಟ್‌ಹಾರ್ಸ್, ಸುಮಾರು 445 ಕಿ.ಮೀ.

ಯೂಕಾನ್‌ನಲ್ಲಿ ಪೆಟ್ರೋಲ್ ತೆರಿಗೆ ಲೀಟರಿಗೆ 6.2 ಸೆಂಟ್, ಬ್ರಿಟಿಷ್ ಕೊಲಂಬಿಯಾದ ಅರ್ಧಕ್ಕೂ ಕಡಿಮೆ. ಆದರೂ ವಾಟ್ಸನ್ ಲೇಕ್‌ನ ಬೋರ್ಡು ಪ್ರಿನ್ಸ್ ಜಾರ್ಜ್‌ಗಿಂತ ಮೇಲಿರುತ್ತದೆ. ಅಲ್ಲಿಂದ ವೈಟ್‌ಹಾರ್ಸ್‌ಗೆ 42 ಲೀಟರ್ ಬೇಕು, 8 ಲೀಟರ್ ಕಾಪು ಸೇರಿಸಿದರೆ ಟ್ಯಾಂಕ್ ಫುಲ್ ಮಾಡಿಸಲೇಬೇಕು, ಅಗ್ಗದ ದರಕ್ಕೆ ರಾಜಧಾನಿಯವರೆಗೆ ಕಾಯಬೇಕು. ಬಂಕುಗಳು ಹೆಚ್ಚಿರುವ, ಪೈಪೋಟಿ ಇರುವ ಊರು ಯೂಕಾನ್‌ನಲ್ಲಿ ವೈಟ್‌ಹಾರ್ಸ್ ಒಂದೇ.

ಟೆಸ್ಲಿನ್ ಸರೋವರದ ಉದ್ದಕ್ಕೂ ರಸ್ತೆ ಸುಗಮ, ಹಾಗಾಗಿ ತೆರಿಗೆಗಳನ್ನೆಲ್ಲ ಒಂದೇ ಅಳತೆಗೆ ತಂದು ನೋಡೋಣ. ಕೇಂದ್ರ, ಪ್ರಾಂತ್ಯ ಎರಡನ್ನೂ ಕೂಡಿಸಿ ಲೀಟರಿಗೆ ಕೆನಡಾ ಸೆಂಟಿನಲ್ಲಿ: ವಾಷಿಂಗ್ಟನ್‌ನಲ್ಲಿ 55.4 ಮತ್ತು ಕೇಂದ್ರದ 18.4 ಸೇರಿ ಗ್ಯಾಲನ್ನಿಗೆ 73.8 ಅಮೆರಿಕನ್ ಸೆಂಟ್, ಲೀಟರಿಗೆ ಸುಮಾರು 27. ಬ್ರಿಟಿಷ್ ಕೊಲಂಬಿಯಾದ ಒಳನಾಡಿನಲ್ಲಿ 14.5, ಕೇಂದ್ರದ 10, ಜಿಎಸ್‌ಟಿ ಏಳೂವರೆ ಸೇರಿ ಸುಮಾರು 32. ಯೂಕಾನ್‌ನಲ್ಲಿ 6.2, 10, ಜಿಎಸ್‌ಟಿ 8 ಸೇರಿ 24ರ ಹತ್ತಿರ. ಅಲಾಸ್ಕದಲ್ಲಿ ರಾಜ್ಯದ್ದು ಗ್ಯಾಲನ್ನಿಗೆ 9 ಸೆಂಟಿಗೂ ಕಡಿಮೆ, ಕೇಂದ್ರದ್ದು ಸೇರಿದರೂ ಲೀಟರಿಗೆ 10. ಕೆನಡಾ ಪ್ರವೇಶಿಸಿದ ಮೇಲೆ ಉತ್ತರಕ್ಕೆ ಹೋದಷ್ಟೂ ತೆರಿಗೆ ಇಳಿಯುತ್ತದೆ, ದರ ಏರುತ್ತದೆ. ನಕ್ಷೆಯಲ್ಲಿ ತೆರಿಗೆ ನೋಡಿ ಎಲ್ಲಿ ಅಗ್ಗ ಅಂತ ಊಹಿಸಿದವರು ಇಲ್ಲಿ ಎಡವುತ್ತಾರೆ. ಸಾಗಣೆಯ ದೂರ ಮತ್ತು ಪೈಪೋಟಿ, ಇವೆರಡೇ ಇಲ್ಲಿ ದರ ಬರೆಯುವುದು.

ಕೆನಡಾದ ಪಂಪುಗಳಲ್ಲಿ ಒಂದು ಚೀಟಿ ಅಂಟಿಸಿರುವುದನ್ನು ಗಮನಿಸಿರುತ್ತೀರಿ: ಗಾತ್ರವನ್ನು 15 ಡಿಗ್ರಿ ಸೆಲ್ಸಿಯಸ್‌ಗೆ ಸರಿಹೊಂದಿಸಲಾಗಿದೆ ಅಂತ. ಪೆಟ್ರೋಲ್ ತಣ್ಣಗಾದರೆ ಕುಗ್ಗುತ್ತದೆ, ಡಿಗ್ರಿಗೆ ಸುಮಾರು ಶೇ. 0.1. ಸೊನ್ನೆ ಡಿಗ್ರಿಯಲ್ಲಿ ಪಂಪು ಒಂದು ಲೀಟರ್ ಅಂತ ತೋರಿಸಿದಾಗ ಟ್ಯಾಂಕಿಗೆ ಇಳಿದದ್ದು ಗಾತ್ರದಲ್ಲಿ ಸುಮಾರು 985 ಮಿಲಿ ಲೀಟರ್, ಶಕ್ತಿಯಲ್ಲಿ 15 ಡಿಗ್ರಿಯ ಒಂದು ಲೀಟರಿನಷ್ಟೇ. ಅಮೆರಿಕದ ಬಂಕುಗಳಲ್ಲಿ ಸಾಮಾನ್ಯವಾಗಿ ಈ ಹೊಂದಾಣಿಕೆ ಇಲ್ಲ. ಆಗಸ್ಟ್‌ನಲ್ಲಿ ಇದು ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಚಳಿಗಾಲದಲ್ಲಿ ಇದೇ ದಾರಿ ಹಿಡಿದವರ ಹೋಲಿಕೆಯಲ್ಲಿ ಶೇ. 2, 3ರ ವ್ಯತ್ಯಾಸ ತಂದಿಡುತ್ತದೆ, ಯಾರೂ ಮೋಸ ಮಾಡಿರುವುದಿಲ್ಲ.

ಏಳನೇ ದಿನ: ವೈಟ್‌ಹಾರ್ಸ್ – ಬೀವರ್ ಕ್ರೀಕ್ – ಟೋಕ್, ಸುಮಾರು 630 ಕಿ.ಮೀ.

ಬೇಗ ಹೊರಡಬೇಕು. ವೈಟ್‌ಹಾರ್ಸ್‌ನಲ್ಲಿ ಫುಲ್ ಆಗಿದ್ದರೂ 630 ಕಿ.ಮೀ.ಗೆ 60 ಲೀಟರ್ ದಾಟುತ್ತದೆ. 155 ಕಿ.ಮೀ.ಗೆ ಹೇನ್ಸ್ ಜಂಕ್ಷನ್, ಅಲ್ಲಿ 15 ಲೀಟರ್ ಹಾಕಿಸಿ ಮತ್ತೆ ಫುಲ್. ಎಡಕ್ಕೆ ಕೆನಡಾದ ಅತಿ ಎತ್ತರದ ಪರ್ವತಗಳನ್ನು ಹೊತ್ತ ಸೇಂಟ್ ಇಲಿಯಾಸ್ ಶ್ರೇಣಿ, ಮುಂದೆ ಕ್ಲುವಾನಿ ಸರೋವರ. ಡಿಸ್ಟ್ರಕ್ಷನ್ ಬೇ ದಾಟಿದ ಮೇಲೆ ರಸ್ತೆ ಅಲೆಯಂತೆ ಏಳುತ್ತದೆ, ಬೀಳುತ್ತದೆ. ಕೆಳಗಿನ ಹೆಪ್ಪುಗಟ್ಟಿದ ನೆಲ ಕರಗಿ ಕುಸಿಯುವುದರಿಂದ ಹೀಗೆ. ವೇಗ ಇಳಿಸಿ. ಹಿಂದಿನ ತಟ್ಟೆಯ ಬೋಲ್ಟು, ಕ್ಯಾನಿನ ಪಟ್ಟಿ ಎರಡೂ ಸಡಿಲವಾಗುವುದು ಇಲ್ಲೇ. ಕ್ಯಾನ್ ಬಳಸದೆ ಉಳಿದಿದ್ದರೆ ಹೇನ್ಸ್ ಜಂಕ್ಷನ್‌ನಲ್ಲೇ ಟ್ಯಾಂಕಿಗೆ ಸುರಿದುಬಿಡಿ, ಎರಡನೇ ಗಡಿಗೂ ಅದು ಖಾಲಿ ಹೋಗಲಿ.

ಹೇನ್ಸ್ ಜಂಕ್ಷನ್‌ನಿಂದ ಟೋಕ್‌ಗೆ 470 ಕಿ.ಮೀ. ಈ ರಸ್ತೆಯಲ್ಲಿ 49 ಲೀಟರ್ ಬೇಕು, 50ರ ಟ್ಯಾಂಕಿನಲ್ಲಿ ಇದು ಜೂಜು. ಬೀವರ್ ಕ್ರೀಕ್ ಕೆನಡಾದ ಅತಿ ಪಶ್ಚಿಮದ ಊರು, ದರವೂ ಈ ದಾರಿಯ ತುಟ್ಟಿಯವುಗಳಲ್ಲೊಂದು. ಅಲ್ಲಿಂದ ಟೋಕ್‌ಗೆ ಸುಮಾರು 180 ಕಿ.ಮೀ. ಅಲ್ಲಿ 12 ಲೀಟರ್ ಹಾಕಿಸಿದರೆ ಕಾಪು ಉಳಿಸಿಕೊಂಡು ಟೋಕ್ ಸೇರಬಹುದು. ಇದು ಕೆನಡಾದ ಕೊನೆಯ ರಸೀದಿ.

ಗಡಿ ದಾಟಿದ ಕೂಡಲೇ ಗಡಿಯಾರ ಬೇಸಿಗೆಯಲ್ಲಿ ಒಂದು ಗಂಟೆ ಹಿಂದಕ್ಕೆ. ಸಂಜೆ ಬಂಕ್ ಮುಚ್ಚುವ ಹೊತ್ತಿಗೆ ಇದು ನಮ್ಮ ಕಡೆಗೇ ಅನುಕೂಲ. ಬೋರ್ಡು ಮತ್ತೆ ಗ್ಯಾಲನ್ನಿಗೆ ಮರಳಿರುತ್ತದೆ. ಲೀಟರಿನ 1.89 ನೋಡಿ ಬಂದ ಕಣ್ಣಿಗೆ 4.60 ದೊಡ್ಡದಾಗಿ ಕಾಣುತ್ತದೆ. 1.89ನ್ನು 2.76ರಿಂದ ಗುಣಿಸಿ ನೋಡಿ: 5.22. ಅಲ್ಲಿಗಿಂತ ಇಲ್ಲಿ ಅಗ್ಗ.

ಎಂಟನೇ ದಿನ: ಟೋಕ್ – ಡೆಲ್ಟಾ ಜಂಕ್ಷನ್ – ಫೇರ್‌ಬ್ಯಾಂಕ್ಸ್, ಸುಮಾರು 330 ಕಿ.ಮೀ.

ಟೋಕ್‌ಗಿಂತ ಫೇರ್‌ಬ್ಯಾಂಕ್ಸ್‌ನಲ್ಲಿ ಸಾಮಾನ್ಯವಾಗಿ ಅಗ್ಗ, ಆದ್ದರಿಂದ ಟೋಕ್‌ನಲ್ಲಿ 7 ಗ್ಯಾಲನ್ ಮಾತ್ರ. ಡೆಲ್ಟಾ ಜಂಕ್ಷನ್ ದಾಟಿ ತನಾನಾ ನದಿಯ ಮೇಲೆ ತೂಗುಸೇತುವೆಯಲ್ಲಿ ನೇತಾಡುವ ದಪ್ಪ ಕೊಳವೆ ಕಾಣುತ್ತದೆ. ಅದು ಪ್ರೂಡೊ ಬೇಯಿಂದ ವಾಲ್ಡೀಜ್ ಬಂದರಿಗೆ 800 ಮೈಲಿ ಕಚ್ಚಾತೈಲ ಸಾಗಿಸುವ, 1977ರಿಂದ ಹರಿಯುತ್ತಿರುವ ಕೊಳವೆ. ತೈಲ ಮನೆಮುಂದೆ ಹರಿಯುತ್ತಿದ್ದರೂ ಪೆಟ್ರೋಲ್ ಯಾಕೆ ಅಗ್ಗವಿಲ್ಲ? ಪಕ್ಕದ ನಾರ್ತ್ ಪೋಲ್ ಊರಿನ ದೊಡ್ಡ ಸಂಸ್ಕರಣಾಗಾರ 2014ರಲ್ಲಿ ಮುಚ್ಚಿತು. ಉಳಿದ ಸಣ್ಣದರಲ್ಲಿ ತಯಾರಾಗುವುದು ವಿಮಾನದ ಇಂಧನ, ಡೀಸೆಲ್, ಮನೆ ಕಾಯಿಸುವ ಎಣ್ಣೆ. ಕಾರಿನ ಪೆಟ್ರೋಲ್ ದಕ್ಷಿಣದ ಕರಾವಳಿಯಿಂದ ಬರಬೇಕು.

ಊರು ಸೇರಿದ ಮೇಲೆ ಕೊನೆಯ ಸಲ ಫುಲ್ ಮಾಡಿಸಿ, ನಾಝಲ್ ಮೊದಲ ಸಲ ಟಕ್ ಅಂದ ಕೂಡಲೇ ನಿಲ್ಲಿಸಿ. ಸಿಯಾಟಲ್‌ನಲ್ಲೂ ಹಾಗೇ ನಿಲ್ಲಿಸಿದ್ದರೆ ನಡುವಿನ ಎಲ್ಲ ರಸೀದಿಗಳ ಲೀಟರ್ ಕೂಡಿಸಿ ದೂರದಿಂದ ಭಾಗಿಸಿದರೆ ನಿಜವಾದ ಮೈಲೇಜ್ ಬರುತ್ತದೆ. ಟಕ್ ಅಂದಮೇಲೂ ಒತ್ತಿ ತುಂಬಿಸಿದರೆ ಲೆಕ್ಕವೂ ಕೆಡುತ್ತದೆ, ಟ್ಯಾಂಕಿನ ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೆ ದ್ರವ ನುಗ್ಗಿ ಅದೂ ಕೆಡುತ್ತದೆ.

ಹೊಸ ಕಂಪನಿ ದಾರಿಖರ್ಚು ಕೊಡುವುದಾದರೆ ಕೇಳಬೇಕಾದ ಪ್ರಶ್ನೆ ಎರಡು. ರಸೀದಿಯಂತೆಯೋ, ಮೈಲಿಗಿಷ್ಟು ಅಂತಲೋ? ತೆರಿಗೆ ಯಾರ ತಲೆಗೆ? ಅಮೆರಿಕದಲ್ಲಿ 2018ರಿಂದ ಸಾಮಾನ್ಯ ನೌಕರರಿಗೆ ಕೊಡುವ ಸ್ಥಳಾಂತರದ ಹಣ ಸಂಬಳದಂತೆಯೇ ತೆರಿಗೆಗೆ ಒಳಪಡುತ್ತದೆ. ಕಂಪನಿ ಆ ತೆರಿಗೆಯನ್ನೂ ಸೇರಿಸಿ ಕೊಡದಿದ್ದರೆ 500 ಡಾಲರ್ ಅಂದದ್ದು ಕೈಗೆ 500 ಆಗಿ ಬರುವುದಿಲ್ಲ. ಕೆನಡಾದ ರಸೀದಿಗಳ ಪಕ್ಕದಲ್ಲಿ ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಬಂದ ಅಮೆರಿಕನ್ ಡಾಲರ್ ಮೊತ್ತವನ್ನೇ ಬರೆಯಿರಿ, ಆ ದಿನದ ವಿನಿಮಯ ದರದಿಂದ ನೀವೇ ಮಾಡಿದ ಮೊತ್ತ ಸ್ಟೇಟ್‌ಮೆಂಟಿಗೆ ತಾಳೆಯಾಗದೆ ಅರ್ಜಿ ವಾಪಸು ಬರುತ್ತದೆ. ಬಂಕಿನ ರಸೀದಿ ಶಾಖದ ಕಾಗದದ್ದು, ಕಾರಿನ ಬಿಸಿಲಿಗೆ ಎಂಟು ದಿನದಲ್ಲಿ ಬಿಳಿಚುತ್ತದೆ. ಪಂಪಿನ ಪಕ್ಕದಲ್ಲೇ ಫೋಟೊ ತೆಗೆದು, ಅದೇ ಚಿತ್ರದಲ್ಲಿ ಓಡೋಮೀಟರೂ ಬರುವಂತೆ ಮಾಡಿದರೆ ಎರಡು ಕೆಲಸ ಒಟ್ಟಿಗೆ ಮುಗಿಯುತ್ತದೆ.

ಕೆಲಸಕ್ಕೆ ಹೋಗಿಬರುವ ತಿಂಗಳ ಪೆಟ್ರೋಲ್ ಬಜೆಟ್ಟಿಗೆ ಮಾತ್ರ ಈ ದಾರಿಯ ಮೈಲೇಜನ್ನು ಹಿಡಿಯಬೇಡಿ. ಊರೊಳಗಿನ ಓಡಾಟದಲ್ಲಿ ಮೈನಸ್ 7 ಡಿಗ್ರಿಗೆ ಪೆಟ್ರೋಲ್ ಕಾರಿನ ಮೈಲೇಜ್ 25 ಡಿಗ್ರಿಯಲ್ಲಿದ್ದದ್ದಕ್ಕಿಂತ ಸುಮಾರು ಶೇ. 15 ಇಳಿಯುತ್ತದೆ, ಐದಾರು ಕಿ.ಮೀ.ಯ ಸಣ್ಣ ಓಟದಲ್ಲಿ ಶೇ. 24ರವರೆಗೂ. ಫೇರ್‌ಬ್ಯಾಂಕ್ಸ್‌ನ ಚಳಿ ಅದಕ್ಕಿಂತ ಎಷ್ಟೋ ಕೆಳಗಿಳಿಯುತ್ತದೆ. ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರನ್ನು ಸೆಪ್ಟೆಂಬರ್ ಮುಗಿಯುವುದರೊಳಗೆ ಹಾಕಿಸಿಕೊಳ್ಳಿ, ಅಕ್ಟೋಬರ್‌ನಲ್ಲಿ ಗ್ಯಾರೇಜುಗಳ ಮುಂದೆ ಸಾಲು ನಿಂತಿರುತ್ತದೆ.